ಆರನೆಯ ಬೋಲ್ಟ್

ಸರಪಳಿ ಬಿಗಿದ ಬಾನೆಟ್ ಅರ್ಧ ಗೇಣು ಮಾತ್ರ ಎದ್ದಿತು. ಒಸ್ಮೆಲ್ ಆ ಸಂದಿಯಲ್ಲಿ ಮೊಣಕೈವರೆಗೆ ತೋಳು ತೂರಿಸಿದ. ಒಳಗೆ ಏನೂ ಕಾಣದು, ಬೆರಳಲ್ಲೇ ತಡಕಬೇಕು. ಕಾರಿನ ಯಜಮಾನ, ಎದುರುಮನೆಯ ಮುದುಕ ಅರ್ಸೆನಿಯೊ, ಬ್ರೆಡ್ಡಿನ ಸಾಲಿಗೆ ಹೋಗಿದ್ದ. ಕಾರ್ದೆನಾಸ್ ಪಟ್ಟಣದಲ್ಲಿ ಆ ಸಾಲು ಅರ್ಧ ಗಂಟೆಗೆ ಮುಂಚೆ ಕರಗಿದ್ದೇ ಇಲ್ಲ.

ಬೇಕಿದ್ದದ್ದು ಒಂದೇ ಒಂದು ಬೋಲ್ಟ್.

ಅಪ್ಪ ಬಿಟ್ಟುಹೋದ ಐವತ್ತನಾಲ್ಕನೇ ಇಸವಿಯ ಅಮೆರಿಕನ್ ಕಾರಿನ ಎಂಜಿನ್ನಿನ ಮೇಲ್ಮುಚ್ಚಳ, ಹೆಡ್ಡು, ಬಿಚ್ಚಿದಾಗ ಆರು ಬೋಲ್ಟ್ ಕೈಕೊಟ್ಟಿದ್ದವು. ರಷ್ಯದ ಲಾರಿಯವು ಕೂರುವುದಿಲ್ಲ, ಥ್ರೆಡ್ಡೇ ಬೇರೆ. ಗುಜರಿಯ ಕೂಕೊ ಅದೆಲ್ಲಿಂದಲೋ ಐದು ಹುಡುಕಿಕೊಟ್ಟ. ತುಕ್ಕಿಲ್ಲ, ಎಣ್ಣೆ ಸವರಿದವು. ಹಳೇ ಮೊಳೆಗೂ ಬೆಲೆ ಕಟ್ಟುವ ಕೂಕೊ ಈ ಐದಕ್ಕೆ ಮಾತ್ರ, "ಮೊದಲು ಬಂಡಿ ಓಡಲಿ ಮಾರಾಯ, ಆಮೇಲೆ ನೋಡೋಣ" ಎಂದಿದ್ದ. ಆರನೆಯದಕ್ಕೆ ಶನಿವಾರ ಬಾ, ಸಿಕ್ಕರೂ ಸಿಗಬಹುದು ಎಂದ.

ಸಿಕ್ಕರೂ ಸಿಗಬಹುದಂತೆ! ಸೋಮವಾರ ಬೆಳಗ್ಗೆ ಮತಾನ್ಸಾಸ್ ಊರಿಗೆ ಹೋಗುವ ಟ್ಯಾಕ್ಸಿ ಸಾಲಿನಲ್ಲಿ ಕಾರು ನಿಲ್ಲದಿದ್ದರೆ ಅಪ್ಪನ ಮೂವತ್ತು ವರ್ಷದ ಜಾಗ ಬೇರೆಯವನ ಪಾಲು. ಇಡೀ ಊರಲ್ಲಿ ಅದೇ ಎಂಜಿನ್ ಇನ್ನೊಂದಿದ್ದದ್ದು ಇಲ್ಲೇ, ಈ ಸರಪಳಿಯ ಕೆಳಗೆ.

ಕೇಳಬಹುದಿತ್ತು. ಕೇಳುವ ಬಾಯನ್ನು ಅವನೇ ಹೊಲಿದುಕೊಂಡಿದ್ದ. ಎರಡು ತಿಂಗಳ ಹಿಂದೆ ಬೀದಿಯ ಡೊಮಿನೊ ಆಟದ ಮೇಜಿನ ಮುಂದೆ ಮುದುಕ ಎಲ್ಲರೆದುರು ಅಂದಿದ್ದ: "ನಿಮ್ಮಪ್ಪ ಮಗು ಥರ ಸಾಕಿದ ಎಂಜಿನ್ ಕಣೋ. ನೀರು ನೋಡದೆ ಮೂರೇ ತಿಂಗಳಲ್ಲಿ ಬೇಯಿಸಿಬಿಟ್ಟೆಯಲ್ಲ."

ನಿಜವಾದ ಮಾತು, ಅದಕ್ಕೇ ಉರಿದುಹೋಗಿತ್ತು. "ನೀವೇನು ಕಡಿದು ಕಟ್ಟೆ ಹಾಕಿದ್ದೀರಿ ತಾತ? ಸತ್ತ ಕಾರಿನ ಮೇಲೆ ಕಾವಿಗೆ ಕೂತ ಕೋಳಿ! ನೀವು ಕಾಲು ಹಿಡಿದು ಕೊಟ್ಟರೂ ನಿಮ್ಮ ಒಂದು ವಾಷರ್ ಮುಟ್ಟಲ್ಲ ನಾನು, ತಿಳ್ಕೊಳ್ಳಿ."

ಮೇಜಿನವರು ನಕ್ಕಿದ್ದರು. ಮುದುಕ ನಕ್ಕಿರಲಿಲ್ಲ.

ಬೆರಳಿಗೆ ಬೋಲ್ಟಿನ ತಲೆ ಸಿಕ್ಕಿತು. ಸ್ಪ್ಯಾನರ್ ಕೂರಿಸಿ, ಉಸಿರು ಬಿಗಿಹಿಡಿದು ಎಳೆದ. ಅಷ್ಟು ಬಲ ಬೇಕೇ ಆಗಿರಲಿಲ್ಲ. ಹತ್ತು ವರ್ಷ ಅಲುಗಾಡದ ಎಂಜಿನ್ನಿನ ಬೋಲ್ಟ್, ಬಾಟಲಿ ಮುಚ್ಚಳದ ಹಾಗೆ ತಿರುಗಿ ಬಂತು. ಕೈಗೆಲ್ಲ ಎಣ್ಣೆ. ದೇವರೇ ಕೊಟ್ಟ ಎಂದುಕೊಂಡ. ಕಳ್ಳತನಕ್ಕೆ ದೇವರನ್ನು ಎಳೆದದ್ದಕ್ಕೆ ಮರುಕ್ಷಣವೇ ಮುಖ ಬಿಸಿಯಾಯಿತು.

ಮಧ್ಯಾಹ್ನ ಬೋಲ್ಟ್ ಬಿಗಿಯುವಾಗ ತಲೆ ಎತ್ತಿದ. ಎದುರು ಜಗಲಿಯ ಮೇಲೆ ಅರ್ಸೆನಿಯೊ. ಮುದುಕ ಟೋಪಿ ಕೈಯಲ್ಲಿ ಹಿಡಿದು ಬೀದಿಗಿಳಿದ, ನಡುಬೀದಿಯವರೆಗೆ ಬಂದ, ಏನೋ ಹೇಳಲು ಬಾಯಿ ತೆರೆದ. ಆಮೇಲೆ ತಲೆ ತಗ್ಗಿಸಿ ವಾಪಸ್ ಹೋಗಿ ಬಾಗಿಲು ಹಾಕಿಕೊಂಡ.

ಮುದುಕನಿಗೆ ಗೊತ್ತಾಗಿದೆ. ಒಸ್ಮೆಲ್‌ನ ಕೈಯಿಂದ ಸ್ಪ್ಯಾನರ್ ಜಾರಿತು. ಬೀದಿಗೆ ಕೇಳುವ ಹಾಗೆ ಕಳ್ಳ ಎಂದು ಉಗಿದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಸಂಜೆ ಆ ಮನೆಯ ಮುಂದೆ ಮೂರು ಸಲ ಹೋಗಿ ನಿಂತ. ಬಾಗಿಲು ತಟ್ಟಲು ಕೈ ಏಳಲಿಲ್ಲ.

ಮರುದಿನ, ಶನಿವಾರ, ಎಂಜಿನ್ ಮೊದಲ ಏಟಿಗೇ ಹಿಡಿಯಿತು. ಅಮ್ಮ ಅತ್ತಳು, ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಎದುರಿನ ಬಾಗಿಲು ತೆರೆಯಲಿಲ್ಲ. ಒಸ್ಮೆಲ್‌ಗೆ ಅಲ್ಲಿ ನಿಲ್ಲಲಾಗಲಿಲ್ಲ. ಸುಳ್ಳೊಂದನ್ನು ಸಿದ್ಧಮಾಡಿಕೊಂಡು ಗುಜರಿಗೆ ನಡೆದ.

"ಕೂಕೊ ಅಣ್ಣ, ಆರನೆಯದು ಬೇಡ. ಮತಾನ್ಸಾಸ್‌ನಲ್ಲಿ ಸಿಕ್ಕಿತು."

"ಅಬ್ಬ, ಬದುಕಿಸಿದೆ!" ಕೂಕೊ ಎದೆ ಸವರಿಕೊಂಡ. "ನಿನಗೆ ಹೇಗಪ್ಪ ಹೇಳೋದು ಅಂತಿದ್ದೆ. ನಿನಗೆ ಅಂತಲೇ ಸಡಿಲಿಸಿ, ಎಣ್ಣೆ ಬಿಟ್ಟು ಇಟ್ಟಿದ್ದನ್ನ ನಿನ್ನೆ ಯಾವನೋ ಹಾರಿಸಿಬಿಟ್ಟ."

ಒಸ್ಮೆಲ್‌ನ ಎಣ್ಣೆ ಹತ್ತಿದ ಕೈ ಜೇಬಿಗಿಳಿಯಿತು. "ಎಲ್ಲಿಂದ?"

"ಹೇಳಬೇಡ ಅಂದಿದ್ರು, ಇರಲಿ. ಉಳಿದ ಐದು ಬಂದ ಕಡೆಯಿಂದಲೇ. ಮೊದಲು ಹೋಗಿ ಎದುರುಮನೆ ಬಾಗಿಲು ತಟ್ಟು, ಮಾರಾಯ. ಐದು ಕೊಟ್ಟು ಆರನೆಯದು ಕೊಡಲಾಗಲಿಲ್ಲವಲ್ಲ, ಆ ಹುಡುಗನಿಗೆ ಹೇಗೆ ಮುಖ ತೋರಿಸಲಿ ಅಂತ ಅರ್ಸೆನಿಯೊ ತಾತ ನಿನ್ನೆಯಿಂದ ನಾಚಿಕೆಯಲ್ಲಿ ಹೊರಗೇ ಬಂದಿಲ್ಲ."