ಸೋದರಮಾವನ ತೊಡೆ

"ಮಗೂಗೆ ಸಿಡುಬಿನ ದೇವಿ ಹಾಕಿಸಿ ಆಯ್ತು, ಹೋಗಿ ಸ್ವಾಮಿ" ಎಂದು ಬೈರಣ್ಣ ಬಾಗಿಲಿಗೆ ಅಡ್ಡ ನಿಂತ.

ಮುದುಕ ಕದಲಲಿಲ್ಲ. ಕೈಯಲ್ಲಿ ಆಸ್ಪತ್ರೆಯ ಚೀಟಿ, ಬಗಲಲ್ಲಿ ಬಟ್ಟೆಯ ಗಂಟು. ಇಂಥ ದಿನವೇ ಇವನು ವಕ್ಕರಿಸಬೇಕೇ? ಜಯನಗರದ ಬಡಾವಣೆಗೆ ಹೊಲ ಹೋದ ಮೇಲೆ ಯಡಿಯೂರಿನ ಆ ಮನೆಯಲ್ಲಿ ನಡೆಯುತ್ತಿದ್ದ ಮೊದಲ ಶುಭಕಾರ್ಯ ಅದು. ಬೈರಣ್ಣನ ಮಗ, ಮೂರು ವರ್ಷದ ಸೀನುವಿಗೆ ಕಿವಿ ಚುಚ್ಚಬೇಕು. ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪದ್ಧತಿ. ಸೀನುವಿಗೆ ಸೋದರಮಾವನೇ ಇಲ್ಲ. ಪಕ್ಕದ ಮನೆಯ ಚಿಕ್ಕಬೈರಪ್ಪನೇ ಮಾವನಾಗಿ ಕೂತಿದ್ದ. ಚುಚ್ಚುವ ಆಚಾರಿಗೆ ಯಾರ ಕೈಲೋ ವೀಳ್ಯ ಕಳಿಸಿ ಗೊತ್ತುಮಾಡಿದ್ದವನೂ ಅವನೇ. ಆಚಾರಿ ಮಾತ್ರ ಇನ್ನೂ ಬಂದಿರಲಿಲ್ಲ.

"ದೇವಿ ಹಾಕೋಕೆ ಬಂದಿಲ್ಲ" ಎಂದ ಮುದುಕ. "ಕೆಲವು ಮನೆ ಗಂಡುಮಕ್ಕಳಿಗೆ ಗಾಯ ಆದ್ರೆ ರಕ್ತ ನಿಲ್ಲಲ್ಲ. ತಾಯಿ ಕಡೆಯಿಂದ ಬರೋ ಕಾಯಿಲೆ, ತಾಯಿಗೆ ಏನೂ ಆಗಲ್ಲ. ಆಸ್ಪತ್ರೆ ಡಾಕ್ಟರು ಅಂಥ ಮನೆಗಳ ಪಟ್ಟಿ ಮಾಡ್ತಿದ್ದಾರೆ. ಎಲ್ರೂ ಸೇರಿ ಕೇಳಿದ್ರೆ ಸರ್ಕಾರ ಔಷಧಿ ತರಿಸುತ್ತೆ ಅಂತಾರೆ. ಒಂಬತ್ತು ಮನೆ ನಾನೇ ಹುಡುಕಿಕೊಟ್ಟಿದ್ದೀನಿ. ರಕ್ತ ಪರೀಕ್ಷೆ ಆಗೋವರೆಗೆ ಈ ಮಗೂಗೆ ಸೂಜಿ ಬೇಡ."

ಅವನ ಕಣ್ಣು ಮಗುವಿನ ಮುಖದ ಮೇಲಿರಲಿಲ್ಲ, ಕಿವಿಯ ಮೇಲಿತ್ತು. ಮೊಮ್ಮಗನನ್ನು ಕಳೆದುಕೊಂಡಿರಬೇಕು, ಪಾಪ ಎಂದುಕೊಂಡಳು ಸೀನುವಿನ ತಾಯಿ ಅಂಜನಮ್ಮ. ಎಂಟು ದಿನದ ಹಿಂದೆ ಬಿದ್ದು ಊದಿದ ಮಗನ ಮಂಡಿ ಇನ್ನೂ ನೀಲಿಯಾಗಿಯೇ ಇತ್ತು. ಅವಳಿಗೆ ಭಯವಾಯಿತು.

"ನಿಮಗೆ ಅಣ್ಣತಮ್ಮಂದಿರು ಎಷ್ಟು ಜನ, ತಾಯಿ?"

"ಇಬ್ಬರು ಅಣ್ಣಂದಿರಿದ್ರಂತೆ. ನಾನು ಹುಟ್ಟೋಕೆ ಮೊದ್ಲೇ ಜ್ವರ ಬಂದು ಹೋದ್ರು."

"ಜ್ವರ ಅಂತ ಯಾರು ಹೇಳಿದ್ದು?"

ಮೂಲೆಯಲ್ಲಿ ಅಂಜನಮ್ಮನ ತಾಯಿ ಮರಿಯಮ್ಮ ಕೂತಿದ್ದಳು. ಕಣ್ಣು ಹೋಗಿ ಹತ್ತು ವರ್ಷ. ಇಂದಿಗೂ ಊಟಕ್ಕೆ ಮೊದಲು ಎರಡು ತುತ್ತು ತೆಗೆದಿಡುತ್ತಿದ್ದಳು. ಯಾರಿಗೆ ಎಂದರೆ ಕಾಗೆಗೆ ಎನ್ನುತ್ತಿದ್ದಳು. ಮುದುಕನ ದನಿ ಕೇಳಿದಾಗಿನಿಂದ ಅವಳು ಕಿವಿಯನ್ನು ಅತ್ತಲೇ ತಿರುಗಿಸಿಕೊಂಡಿದ್ದಳು.

"ಶುಭದ ದಿನ ಸಾವಿನ ಮಾತಾಡ್ತೀರಲ್ರೀ" ಎಂದು ಬೈರಣ್ಣ ಮುದುಕನ ರಟ್ಟೆ ಹಿಡಿದ. "ಆಚಾರಿ ಬರೋ ಹೊತ್ತು. ಹೊರಡಿ."

"ಅವನು ಬರಲ್ಲ."

"ಹಂಗಾದ್ರೆ ಬಸವನಗುಡಿಯಿಂದ ಇನ್ನೊಬ್ಬನ್ನ ಕರ್ಕೊಂಡು ಬರ್ತೀನಿ." ಬೈರಣ್ಣ ಸೈಕಲ್ಲಿಗೆ ಕೈ ಹಾಕಿದ.

"ಬೇಡ ಅಳಿಯಂದ್ರೇ" ಎಂದಳು ಮರಿಯಮ್ಮ. ಆಡಿ ಅಭ್ಯಾಸವಿಲ್ಲದ ಮಾತು, ತಡೆದು ತಡೆದು ಬಂತು. "ಜ್ವರ ಅಲ್ಲ. ಇಬ್ಬರಿಗೂ ಒಂದೇ ದಿನ ಕಿವಿ ಚುಚ್ಚಿಸಿದ್ವಿ. ರಕ್ತ ನಿಲ್ಲಲೇ ಇಲ್ಲ. ಹೇಳಿದ್ರೆ ಅಂಜನಿನ ಯಾರು ಮದುವೆ ಆಗ್ತಿದ್ರು? ಚುಚ್ಚಿದವನ ಕೈ ಸರಿಯಿಲ್ಲ ಅಂತ ಶಾಪ ಹಾಕ್ಕೊಂಡು ಇಷ್ಟು ವರ್ಷ ಬದುಕಿಬಿಟ್ಟೆ."

ಅಂಜನಮ್ಮ ಮಗುವನ್ನು ಚಿಕ್ಕಬೈರಪ್ಪನ ತೊಡೆಯಿಂದ ಕಿತ್ತುಕೊಂಡಳು. "ಇವರಿಗೆ ಹೆಂಗೆ ಗೊತ್ತಾಯ್ತಮ್ಮ?"

ಮುದುಕ ಗಂಟು ಬಿಚ್ಚಿದ. ಬಾಡಿದ ವೀಳ್ಯವನ್ನು ಚಿಕ್ಕಬೈರಪ್ಪನ ಮುಂದಿಟ್ಟ. ಅದರ ಪಕ್ಕ ಒಂದು ಸೂಜಿ, ಒಂದೆಳೆ ಚಿನ್ನದ ತಂತಿ.

"ನೀವು ಕಾಯ್ತಿರೋ ಆಚಾರಿ ನಾನೇ" ಎಂದ. "ಮರಿಯಮ್ಮನ ಮೊಮ್ಮಗನಿಗೆ ಅಂತ ವೀಳ್ಯ ತಂದವನು ಹೇಳಿದ. ಅವತ್ತು ಆ ಇಬ್ಬರಿಗೆ ಚುಚ್ಚಿದವನೂ ನಾನೇ."