ತಾಯಿ ತಿಮಿಂಗಿಲಕ್ಕೆ ಹೇಳಿದ ಸುದ್ದಿ

ತಿಮಿಂಗಿಲಗಳ ಮಾತು ಮನುಷ್ಯರಿಗೆ ತಿಳಿಯತೊಡಗಿದ ಮೇಲೆ ಹೊನ್ನಾವರದ ಬಂದರಿಗೂ ಒಬ್ಬ ದುಭಾಷಿಯ ನೇಮಕವಾಯಿತು. ಯಾವ ಕಡೆ ಬಲೆ ಹಾಕಿದ್ದಾರೆ, ಯಾವ ಕಡೆ ಹೋಗಬಾರದು ಎಂದು ಯಂತ್ರದ ಮೂಲಕ ಅವುಗಳಿಗೆ ತಿಳಿಸುವುದು ಯಮುನಾಳ ದಿನನಿತ್ಯದ ಕೆಲಸ.

ಆ ಬೆಳಿಗ್ಗೆ ಒಂದು ತಾಯಿ ತಿಮಿಂಗಿಲ ದೋಣಿಯ ಪಕ್ಕಕ್ಕೇ ಬಂದು ಕೇಳಿತು: "ನನ್ನ ಮರಿಯನ್ನು ಕಂಡೆಯಾ?"

ಮರಿ ಹಿಂದಿನ ದಿನ ಬಲೆಗೆ ಸಿಕ್ಕಿ ಸತ್ತಿತ್ತು. ಯಮುನಾ ತಾಯಿಯ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಳು.

"ಮುಂದೆ ಹೋಯ್ತು ಅಂತ ಹೇಳ್ಬಿಡು ತಂಗಿ," ಎಂದ ದೋಣಿ ನಡೆಸುವ ದಾಮೋದರ, ಮುಖ ತಿರುಗಿಸಿಕೊಂಡು.

"ಹಾಗಂದ್ರೆ ಸಾಯೋವರೆಗೂ ಹುಡುಕ್ತಾ ಇರ್ತದೆ ದಾಮಣ್ಣ."

ಯಮುನಾ ನಿಜವನ್ನೇ ಹೇಳಿದಳು. ತಿಮಿಂಗಿಲ ದೋಣಿಯನ್ನು ಒಮ್ಮೆ ಸುತ್ತಿ ಬಂತು.

"ಆಗ ಅದರ ಹತ್ತಿರ ಯಾರಿದ್ದರು?"

"ನಾನಿದ್ದೆ. ಬಲೆ ಕೊಯ್ಯುವಷ್ಟರಲ್ಲಿ ಉಸಿರು ನಿಂತಿತು. ಕೊನೆತನಕ ನಿನ್ನನ್ನೇ ಕರೆಯುತ್ತಿತ್ತು."

"ಬೋಟುಗಳ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಅದು ಕರೆದ ಹಾಗೆಯೇ ಒಮ್ಮೆ ಕರೆಯುತ್ತೀಯಾ?"

ಯಮುನಾ ಅದನ್ನೂ ದಾಮೋದರನಿಗೆ ಕನ್ನಡದಲ್ಲಿ ಹೇಳಿದಳು. ಅವನು ತಟ್ಟನೆ ಎಂಜಿನ್ ನಿಲ್ಲಿಸಿದ. ಅವಳು ಯಂತ್ರವನ್ನು ಹತ್ತಿರಕ್ಕೆಳೆದುಕೊಂಡು, ಆ ಸಣ್ಣ ದನಿಯನ್ನು ನೆನಪು ಮಾಡಿಕೊಂಡು, ಮರಿಯಂತೆ ಕರೆದಳು.

ನೀರಿನಡಿಯಿಂದ ತಾಯಿ ಓಗೊಟ್ಟಿತು: "ಬಂದೆ ಕಂದಾ, ಬಂದೆ."