ಕೆಂಪು ಕುದುರೆಯ ಪುಟ

ಕಳ್ಳನ ಬೆರಳು ಸಿಕ್ಕಿತ್ತು. ಹೆಸರೊಂದು ಬಾಕಿ.

ಚನ್ನಪಟ್ಟಣದ ಆ ಬೊಂಬೆ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳಲು ಭಾನುಪ್ರಿಯ ಸೇರಿ ಎರಡು ತಿಂಗಳು. ಮೂರನೆಯದು ಮುಗಿದಾಗ ಕೆಲಸ ಖಾಯಂ, ಇಲ್ಲವೇ ಮನೆ. ಮಾಲೀಕ ಅನಂತರಾಜುವಿಗೆ ಇದ್ದ ದೂರು ಒಂದೇ. “ಕೆಂಪು ಕುದುರೆ ಪುಟ ಸಿಕ್ಕಾಕ್ಕೊಳ್ತೈತೆ ಕಣವ್ವ. ಒಸಿ ನೋಡು.”

ಮೊದಲು ಜಾಹೀರಾತಿನ ಸ್ಕ್ರಿಪ್ಟ್ ಕಿತ್ತುಹಾಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಆಮೇಲೆ ವೇಗ ಅಳೆಯುವ ವರದಿ ಬಿಡಿಸಿದಳು. ಬೊಂಬೆಯನ್ನು ಸುತ್ತ ತಿರುಗಿಸಿ ತೋರಿಸುವ ಸ್ಕ್ರಿಪ್ಟ್ ಹನ್ನೊಂದು ಸೆಕೆಂಡ್ ಏದುಸಿರು ಬಿಡುತ್ತಿತ್ತು. ಅದನ್ನು ಎಬ್ಬಿಸುತ್ತಿದ್ದದ್ದು ಪರದೆಯ ಮೇಲೆ ಎಳೆಯುವ ಒಂದು ಬೆರಳು. ಒಂದೇ ಹಳೆಯ ಫೋನು, ದಿನಾ ಮಧ್ಯಾಹ್ನ ಎರಡು ಗಂಟೆಗೆ. ನಲವತ್ತು ಸಲ ಆಚೆ, ನಲವತ್ತು ಸಲ ಈಚೆ. ಒಂದು ದಿನವೂ ಕೊಂಡದ್ದಿಲ್ಲ.

ಕೊಳ್ಳದೆ ಇಷ್ಟು ತಿರುಗಿಸುವವನು ನಮೂನೆ ಕದಿಯುವವನೇ. ಈ ಊರಲ್ಲಿ ಹೊಸ ಬೊಂಬೆ ಬಂದರೆ ವಾರದೊಳಗೆ ಅದಕ್ಕೊಬ್ಬ ತಮ್ಮ ಹುಟ್ಟುತ್ತಾನೆ.

“ಯಾರೋ ನಮ್ ಕುದುರೇನ ನಕಲು ಮಾಡ್ತಾವ್ರೆ ಸಾರ್.”

“ಕಳ್ಳನ್ನ ಬುಡೋಕಾಯ್ತದಾ? ಏನಾರ ಮಾಡು. ಪುಟ ನಿಲ್ದಂಗೆ ಓಡ್ಬೇಕು, ಅಷ್ಟೇಯ.”

ಹೀಗೆಂದು ಅನಂತರಾಜು ಊಟದ ಡಬ್ಬಿ ಹಿಡಿದು ಹಿಂದಿನ ಕೋಣೆಗೆ ಹೋದ. ಒಬ್ಬನೇ ಕೂತು ಉಣ್ಣುವುದು ಅವನ ರೂಢಿ.

ಭಾನುಪ್ರಿಯ ಬೇರಿಗೇ ಕೈಹಾಕಿದಳು. ಆ ತಿರುಗುವ ಬೊಂಬೆಯೆಂದರೆ ಸುತ್ತಲಿಂದ ತೆಗೆದ ಎಪ್ಪತ್ತೆರಡು ಫೋಟೋ, ಒಂದೊಂದೂ ಗುಂಡುಕಲ್ಲಿನ ಭಾರ. ತೆಗೆದವರಿಗೆ ಒಂದು ಸ್ಟ್ಯಾಂಡಿಗೂ ಗತಿಯಿರಲಿಲ್ಲವೇನೋ, ಯಾರೋ ಹೆಂಗಸು ಕುದುರೆಯನ್ನು ಕೈಯಲ್ಲೇ ಹಿಡಿದು ತಿರುಗಿಸಿದ್ದಳು. ಬಳೆಗಳು ಕುದುರೆಯ ಕಾಲನ್ನೇ ಮುಚ್ಚಿದ್ದವು. ಛೆ, ಇದೂ ಒಂದು ಫೋಟೋವಾ! ಅಷ್ಟನ್ನೂ ಅಳಿಸಿದಳು. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನೂ ಬಿಡಲಿಲ್ಲ. ಬಿಳಿ ಗೋಡೆಯೆದುರು ಕುದುರೆಯನ್ನು ನಿಲ್ಲಿಸಿ ಒಂದೇ ಒಂದು ಹೊಸ ಫೋಟೋ ಹಾಕಿದಳು. ಈಗ ತಿರುಗಿಸಲಿ ನೋಡೋಣ.

ಮರುದಿನ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ವರದಿ ಪೂರ್ತಿ ಹಸಿರು. ಕೆಲಸ ಉಳಿಯಿತೆಂದು ಹಿಗ್ಗಿದಳು.

ಎರಡೂಕಾಲಿಗೆ ಅನಂತರಾಜು ಹಿಂದಿನ ಕೋಣೆಯಿಂದ ಬಂದ. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಕೈಯಲ್ಲೊಂದು ಹಳೆಯ ಫೋನು, ಅದರಲ್ಲಿ ಹೊಸ ಕುದುರೆ. ಅವನ ಬೆರಳು ಅದನ್ನು ಎಳೆಯುತ್ತಲೇ ಇತ್ತು, ಕುದುರೆ ತಿರುಗಲಿಲ್ಲ.

ಭಾನುಪ್ರಿಯ ಕುರ್ಚಿಯಿಂದ ಎದ್ದಳು. “ಸಾರ್... ನೀವಾ?”

“ಫೋಟೋ ಅಂದ್ರೆ ಮೊಕ ಮುಚ್ಕೋತಿದ್ಲು ಕಣವ್ವ ನನ್ ಹೆಂಡ್ರು ಕಾವೇರಮ್ಮ. ಅವ್ಳು ಸತ್ತ ಮ್ಯಾಲೆ ನಂಗೆ ಉಳ್ದಿದ್ದು ಆ ಕೈ ಒಂದೇಯ.”